ಅಕ್ಟೋಬರಿನ ಅಳತೆಗಳು

೧೯೯೨ ಏಪ್ರಿಲ್ ೧೧, ನೆಲೋಗಿ

ಏಳು ವರ್ಷ ರಷ್ಯನ್ ಭಾಷೆಯಲ್ಲಿ ದಿನಚರಿ ಬರೆದೆ. ಇವತ್ತಿನಿಂದ ಕನ್ನಡ. ಕೈ ತಡವರಿಸುತ್ತದೆ, ‘ಳ’ ಬರೆಯುವಾಗ ಒಂದು ಕ್ಷಣ ನಿಂತು ನೆನಪು ಮಾಡಿಕೊಳ್ಳಬೇಕು. ಯಾರಾದರೂ ಓದಿಯಾರೆಂಬ ಹೆದರಿಕೆ ಇಲ್ಲ. ಮನೆಯಲ್ಲಿ ಇರುವವರು ನಾನು ಮತ್ತು ಅವ್ವ. ಅವ್ವನಿಗೆ ಅಕ್ಷರ ಬರುವುದಿಲ್ಲ.

ವಿಕ್ಟರ್ ಪಾವ್ಲೊವಿಚ್ ಅವರ ಪತ್ರ ಬಂದಿದೆ. ಮಾರ್ಚ್ ಎರಡರಂದು ಮಾಸ್ಕೋದಲ್ಲಿ ಹಾಕಿದ್ದು. ದೇಶ ಒಡೆದು ಹೋದ ಮೇಲೂ ಅಂಚೆಚೀಟಿಯ ಮೇಲೆ ಹಳೆಯ ದೇಶದ ಹೆಸರೇ ಇದೆ. ನನ್ನ ಸಂಶೋಧನೆಯ ಮಾರ್ಗದರ್ಶಕರಾದ ಅವರು ಎರಡು ಪುಟದಲ್ಲಿ ಎಲ್ಲವನ್ನೂ ಹೇಳಿ ಮುಗಿಸಿದ್ದಾರೆ. ಪ್ರಬಂಧ ಒಪ್ಪಿಸಲು ಸೆಪ್ಟೆಂಬರಿನಲ್ಲಿ ಒಂದೇ ಒಂದು ಸಭೆ ಇದೆ. ಅದರಾಚೆ ಸಂಸ್ಥೆ ಇರುತ್ತದೋ ಇಲ್ಲವೋ ಅವರಿಗೂ ಗೊತ್ತಿಲ್ಲ. ನಾನು ಬರಬೇಕಾಗಿಲ್ಲ, ನನ್ನ ಪರವಾಗಿ ಅವರೇ ಮಂಡಿಸಲು ಅನುಮತಿ ಪಡೆದಿದ್ದಾರೆ. ಜೂನ್ ತಿಂಗಳೊಳಗೆ ಅಂತಿಮ ಲೆಕ್ಕ ಕಳಿಸಬೇಕು. ಅದರಲ್ಲಿ ಅಕ್ಟೋಬರಿನ ಅಳತೆಗಳು ಇರಬಾರದು.

ಮೂರು ಬೇಸಿಗೆ ನಾನು ಕೊಲಿಮಾ ನದಿ ಸಮುದ್ರ ಸೇರುವ ಕಡೆ, ಒಂದು ಮರವೂ ಇಲ್ಲದ ಟಂಡ್ರಾ ಬಯಲಿನಲ್ಲಿ, ನೆಲ ಎಷ್ಟು ಇಂಗಾಲವನ್ನು ಒಳಗೆ ಎಳೆದುಕೊಳ್ಳುತ್ತದೆ, ಎಷ್ಟನ್ನು ಹೊರಗೆ ಬಿಡುತ್ತದೆ ಎಂದು ಅಳೆದೆ. ಪ್ರತಿ ಸೆಪ್ಟೆಂಬರಿನಲ್ಲಿ ಮಾಸ್ಕೋಗೆ ಮರಳುತ್ತಿದ್ದೆ. ಆಮೇಲೆ ನೆಲ ಪೂರ್ತಿ ಹೆಪ್ಪುಗಟ್ಟುವ ತನಕದ ಅಳತೆಗಳನ್ನು ಅಲ್ಲಿನ ಕೇಂದ್ರದ ಸಹಾಯಕಿ ನೀನಾ ಯೆಗೋರೊವ್ನಾ ತೆಗೆದು ಕಳಿಸುತ್ತಿದ್ದಳು. ಕಳೆದ ವರ್ಷ ಎಂದೂ ಇಲ್ಲದಷ್ಟು ಬಿಸಿಲಿತ್ತು. ಆ ವರ್ಷದ ಬೇಸಿಗೆಯನ್ನಷ್ಟೇ ಕೂಡಿಸಿದರೆ, ನೆಲ ಚದರ ಮೀಟರಿಗೆ ಹದಿನೆಂಟು ಗ್ರಾಂ ಇಂಗಾಲವನ್ನು ಉಳಿಸಿಕೊಂಡಿದೆ. ನೀನಾಳ ಅಕ್ಟೋಬರ್ ಸೇರಿಸಿದರೆ ಇಪ್ಪತ್ತಾರು ಗ್ರಾಂ ಕಳೆದುಕೊಂಡಿದೆ. ಅಂದರೆ ಉತ್ತರವೇ ತಲೆಕೆಳಗು.

‘ಆ ಮುದುಕಿ ಒಲೆಯ ಮುಂದೆ ಕುಡಿಯುತ್ತ ಕೂತು ಅಂಕಿ ಬರೆದಿದ್ದಾಳೆ. ಹೆಪ್ಪುಗಟ್ಟುತ್ತಿರುವ ನೆಲ ಅಷ್ಟು ಅನಿಲ ಬಿಡುವುದು ಸಾಧ್ಯವಿಲ್ಲ. ತೆಗೆದುಹಾಕು’ ಎಂದು ವಿಕ್ಟರ್ ಪಾವ್ಲೊವಿಚ್ ಬರೆದಿದ್ದಾರೆ.

ಅವರು ಮೂವತ್ತು ವರ್ಷದಿಂದ ಆ ನೆಲ ಬಲ್ಲವರು. ಅವರು ಹೇಳಿದ ಮೇಲೆ ನಿಜವೇ ಇರಬೇಕು.

ಏಪ್ರಿಲ್ ೧೫

ನಿನ್ನೆ ಓಣಿಯಲ್ಲಿ ಜಯಂತಿ. ರಷ್ಯಾದ ಬಗ್ಗೆ ನಾಲ್ಕು ಮಾತಾಡು ಎಂದರು. ತಲೆನೋವೆಂದು ಮನೆಯಲ್ಲೇ ಉಳಿದೆ. ಏನೆಂದು ಮಾತಾಡಲಿ? ‘ಡಾಕ್ಟರ್ ಆಗಿ ಬಂದಾಳ’ ಎಂದು ಎಲ್ಲರೂ ತಿಳಿದಿದ್ದಾರೆ.

ಇವತ್ತು ಜೇವರ್ಗಿಗೆ ಹೋಗಿ ನಜಮುನ್ನಿಸಾಳನ್ನು ಕಂಡೆ. ಗುಲ್ಬರ್ಗಾದಲ್ಲಿ ಬಿ.ಎಸ್ಸಿ. ಓದುವಾಗ ನನ್ನ ಪಕ್ಕದಲ್ಲಿ ಕೂರುತ್ತಿದ್ದವಳು, ಈಗ ಅಲ್ಲಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ. ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು.

“ಆ ಮುದುಕಿ ಸುಳ್ಳ ಬರೆದಾಳೋ, ನಿನ್ನ ಅಳತೀನೇ ತಪ್ಪೋ? ಮೊದ್ಲು ಅದನ್ನ ನೋಡ್ಬೇಕಲ್ಲ ಬೇ.”

“ಇಲ್ಲಿ ಕೂತು ಹ್ಯಾಂಗ ನೋಡ್ಲಿ?”

“ನಿಮ್ಮೂರಾಗ ನೆಲ ಇಲ್ಲೇನು?”

ಅವಳ ಮಾತು ಸರಿ. ಬೇಸಿಗೆಯ ಒಣ ಎರೆಮಣ್ಣು ಹೆಚ್ಚುಕಡಿಮೆ ಸತ್ತಂತೆ ಬಿದ್ದಿರುತ್ತದೆ, ಅನಿಲ ತೀರ ಕಡಿಮೆ ಬಿಡಬೇಕು. ಅದೇ ವಿಧಾನದಿಂದ ಇಲ್ಲಿ ಅಳೆದರೂ ದೊಡ್ಡ ಅಂಕಿ ಬಂದರೆ ತಪ್ಪು ವಿಧಾನದ್ದು. ಬರದಿದ್ದರೆ ತಪ್ಪು ನೀನಾಳದು. ನಜಮುನ್ನಿಸಾ ಗೆರೆ ಹಾಕಿದ ಅಳತೆಯ ಗಾಜುಕೊಳವೆ ಬ್ಯೂರೆಟ್, ಆಮ್ಲ, ಬೇರಿಯಂ ಕ್ಷಾರ ಎಲ್ಲವನ್ನೂ ಹಳೆಯ ಸೀರೆಯಲ್ಲಿ ಸುತ್ತಿ ಕೊಟ್ಟಳು. ಬಸ್ಸಿನಲ್ಲಿ ನೆಲೋಗಿಯ ತನಕ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದೆ.

ಏಪ್ರಿಲ್ ೨೨

ಅವ್ವ ಇಪ್ಪತ್ತು ವರ್ಷದಿಂದ ಕೂಲಿ ಮಾಡುವ ದೌಲತರಾಯರ ಹೊಲದಲ್ಲಿ ಆರು ಕಡೆ ಗೂಟ ಬಡಿದು ಕೆಂಪು ಬಣ್ಣದಲ್ಲಿ ಒಂದರಿಂದ ಆರರ ತನಕ ಬರೆದೆ. ದಿನ ಬಿಟ್ಟು ದಿನ ಗೂಟದ ಪಕ್ಕ ಅಗಲ ಬಾಯಿಯ ಶೀಶೆಯಲ್ಲಿ ಬೇರಿಯಂ ಕ್ಷಾರದ ತಿಳಿನೀರು ಇಟ್ಟು, ಮೇಲೆ ಎಣ್ಣೆಡಬ್ಬಿ ಬೋರಲು ಹಾಕಿ ಅಂಚನ್ನು ಮಣ್ಣಿನಲ್ಲಿ ಒತ್ತಬೇಕು. ನೆಲದಿಂದ ಬರುವ ಇಂಗಾಲದ ಡೈಆಕ್ಸೈಡನ್ನು ತಿಳಿನೀರು ಹೀರಿ ಬೆಳ್ಳಗಾಗುತ್ತದೆ. ಮರುದಿನ ಅದೇ ಹೊತ್ತಿಗೆ ತೆಗೆದು, ಬಿರಡೆ ಹಾಕಿ, ಮನೆಗೆ ತಂದು ಆಮ್ಲ ಬಿಟ್ಟು ಅಳೆಯಬೇಕು. ಏನೂ ಹೀರದ ನೀರಿಗೆ ಇಪ್ಪತ್ತು ಮಿಲಿಲೀಟರ್ ಆಮ್ಲ ಬೇಕು. ಎಷ್ಟು ಕಡಿಮೆ ಹಿಡಿಯಿತೋ ಅಷ್ಟು ಅನಿಲ ಸೇರಿದೆ ಎಂದರ್ಥ.

ಸಂಜೆ ಅವ್ವ ರೊಟ್ಟಿ ಬಡಿಯುತ್ತ ಕೇಳಿದಳು.

“ಅಲ್ಲಿ ನೆಲದಾಗ ಏನ್ ನೋಡ್ತಿದ್ದಿ ಬೇ ಇಷ್ಟು ವರ್ಷ?”

“ಅಲ್ಲಿ ಒಂದು ಮೊಳದ ಕೆಳಗ ನೆಲ ಎಂದೂ ಕರಗಂಗಿಲ್ಲ ಯವ್ವಾ. ಸಾವಿರಾರು ವರ್ಷದ ಹುಲ್ಲು, ಬೇರು ಹೆಪ್ಪುಗಟ್ಟಿ ಹಂಗೇ ಬಿದ್ದಾವ. ಶಾಖ ಹೆಚ್ಚಾದ್ರ ಕರಗ್ತದ, ಕರಗಿದ್ರ ಕೊಳೀತದ, ಕೊಳೆತಿದ್ದು ಗಾಳಿಯಾಗಿ ಮ್ಯಾಲ ಬರ್ತದ. ಆ ಗಾಳಿ ಜಗತ್ತಿನ ಶಾಖ ಇನ್ನೂ ಹೆಚ್ಚ ಮಾಡ್ತದ.”

ಅವ್ವನ ಕೈ ನಿಂತಿತು. “ಹೆಚ್ಚಾದ್ರ ಮತ್ತಷ್ಟು ಕರಗ್ತದಲ್ಲ. ಹಂಗಾದ್ರ ಅದು ನಿಲ್ಲೋದು ಎಲ್ಲಿ?”

“ಅದು ಗೊತ್ತಿಲ್ಲ.”

“ಏಳು ವರ್ಷ ಹೋಗಿ ಬಂದು ಗೊತ್ತಿಲ್ಲ ಅಂತಿ,” ಎಂದು ಮತ್ತೆ ಬಡಿಯತೊಡಗಿದಳು.

ಸಿಟ್ಟು ಬಂತು. ಇವಳಿಗೆ ಹೇಳಲು ಹೋದದ್ದೇ ತಪ್ಪು.

ಏಪ್ರಿಲ್ ೨೯

ಇವತ್ತು ಎಲ್ಲ ಮುಗಿಯಿತೆಂದುಕೊಂಡೆ.

ಬೆಳಿಗ್ಗೆ ಅವ್ವನ ಜೊತೆ ಹೊಲಕ್ಕೆ ಹೋದರೆ ಆರೂ ಗೂಟಗಳು ಬದುವಿನ ಮೇಲೆ ಮುರಿದು ಬಿದ್ದಿವೆ, ಎರಡು ಡಬ್ಬಿ ಚಪ್ಪಟೆಯಾಗಿವೆ, ಒಂದು ಶೀಶೆ ಒಡೆದಿದೆ. ದೌಲತರಾಯರು ಕೈಯಲ್ಲಿ ಸಲಿಕೆ ಹಿಡಿದು ನಿಂತಿದ್ದರು.

“ಯಾರು ಕಳಿಸ್ಯಾರ ನಿನ್ನ? ನೀರಾವರಿಯವರೇನು?”

“ಯಾರೂ ಕಳಿಸಿಲ್ರಿ ಸಾವ್ಕಾರ್ರ. ನನ್ನ ಓದಿನ ಕೆಲಸ.”

“ಎಂಟು ವರ್ಷದ ಹಿಂದ ಹಿಂಗೇ ಕೆಂಪು ನಂಬರಿನ ಗೂಟ ಬಡಿದು ಹೋದ್ರು. ಹತ್ತೆಕರೆ ಕಾಲುವಿಗಿ ಹೋತು. ಇನ್ನೂ ನೀರ ಬಂದಿಲ್ಲ, ನೆಲಾನೂ ಬಂದಿಲ್ಲ. ಮತ್ತ ಸರ್ವೇಕ್ಕ ನಮ್ಮ ಮಲ್ಕಮ್ಮನ ಮಗಳನ್ನೇ ಹಚ್ಚ್ಯಾರೇನು?”

ಟಂಡ್ರಾ, ಇಂಗಾಲ, ಪ್ರಬಂಧ ಎಂದು ಏನೇನೋ ಅಂದೆ. ನನಗೇ ಕೇಳಿಸಲಿಲ್ಲ. ಆಗ ಅವ್ವ ಸೆರಗು ಬಿಗಿದುಕೊಂಡು ನನ್ನ ಮುಂದೆ ಬಂದು ನಿಂತಳು.

“ಸಾವ್ಕಾರ್ರ, ಸರ್ಕಾರದ ಒಂದು ಅಗಳೂ ನನ್ನ ಮಗಳ ಹೊಟ್ಟಿಗಿ ಇನ್ನೂ ಬಿದ್ದಿಲ್ರಿ. ಆಕಿ ನೆಲ ಅಳೆಯಾಕ ಬಂದಿಲ್ಲ, ನೆಲದ ಉಸಿರು ಅಳೆಯಾಕತ್ತಾಳ. ಉಸಿರು ಒಯ್ದು ಯಾರೇನ್ ಮಾಡ್ತಾರ್ರಿ?”

ದೌಲತರಾಯರು ಸಲಿಕೆಯನ್ನು ಬದುವಿಗೆ ಊರಿದರು. ಕೊನೆಗೆ, “ಗೂಟ ಇರಬಾರ್ದು, ನಂಬರ್ ಇರಬಾರ್ದು. ಡಬ್ಬಿ ಇಟ್ಕೊಳ್ರಿ,” ಎಂದು ಹೋದರು.

ಗೂಟವಿಲ್ಲದೆ ಈ ಬಯಲಿನಲ್ಲಿ ಆರು ಜಾಗಗಳನ್ನು ಹೇಗೆ ಗುರುತಿಡಲಿ? ಅವ್ವ ಆಗಲೇ ನಡೆದು ತೋರಿಸತೊಡಗಿದ್ದಳು. “ಇದು ಬನ್ನಿಗಿಡದ್ದು. ಇದು ಬದುವಿಂದು. ಇದು ಹಳ್ಳದ ಕಡೀದು. ಇದು ಕರಿಕಲ್ಲಿಂದು. ಇದು ಹಾದೀದು. ಇದು ಬಣವೀದು.” ವಹಿಯಲ್ಲಿ ಒಂದು, ಎರಡು ಎಂದೇ ಇರುತ್ತದೆ ಎಂದೆ. “ಬರಕೋ,” ಎಂದಳು.

ಮೇ ೩

ಒಂದನೆಯ ಡಬ್ಬಿ ೧೮.೯. ಎರಡು ೧೯.೧. ಮೂರು ೧೮.೮. ನಾಲ್ಕು ೧೯.೨. ಐದು ೧೯.೦. ಆರು ೧೮.೭.

ಸತ್ತಂತಿರುವ ನೆಲ. ಇಪ್ಪತ್ತಕ್ಕೆ ಒಂದೇ ಮಿಲಿಲೀಟರ್ ಆಚೀಚೆ ಕಡಿಮೆ, ಅಂದರೆ ಅನಿಲ ತೀರ ಸ್ವಲ್ಪ. ವಿಧಾನದಲ್ಲಿ ತಪ್ಪಿಲ್ಲ.

ಹಾಗಾದರೆ ನೀನಾ.

ಮೇ ೧೦

ನೀನಾಳಿಗೆ ಪತ್ರ ಬರೆದೆ. ಸುತ್ತುಬಳಸಿಲ್ಲ. ‘ಅಕ್ಟೋಬರಿನಲ್ಲಿ ನೀನು ನಿಜವಾಗಿ ಹೊರಗೆ ಹೋಗಿ ಅಳೆದೆಯಾ, ಇಲ್ಲ ಒಳಗೆ ಕೂತು ಬರೆದೆಯಾ?’ ಎಂದು ಕೇಳಿದ್ದೇನೆ. ಅಂಚೆಗೆ ಹಾಕಿಬಂದ ಮೇಲೆ ಊಟ ಸೇರಲಿಲ್ಲ. ಮೊದಲ ವರ್ಷ ಸೆಪ್ಟೆಂಬರಿನ ಮೊದಲ ಹಿಮಕ್ಕೆ ನನ್ನ ಬೆರಳುಗಳು ಮರಗಟ್ಟಿದಾಗ ತನ್ನ ಕಂಕುಳಲ್ಲಿಟ್ಟು ಕಾಯಿಸಿದವಳು ಅವಳು. ಆದರೆ ಅದಕ್ಕೂ ಅಳತೆಗೂ ಸಂಬಂಧವಿಲ್ಲ.

ಅಕ್ಟೋಬರ್ ಬಿಟ್ಟು ಕೋಷ್ಟಕ ಬರೆಯಲು ಶುರುಮಾಡಿದ್ದೇನೆ. ಚೆನ್ನಾಗಿ ಕಾಣುತ್ತದೆ. ಎಲ್ಲ ಅಂಕಿಗಳೂ ಒಂದೇ ಕಡೆ ಮುಖ ಮಾಡಿವೆ.

ಮೇ ೨೫, ಮಟಕಿ

ನಾಳೆ ಆಳಂದದ ಕಾಲೇಜಿನಲ್ಲಿ ಸಂದರ್ಶನ. ಸಣ್ಣಮ್ಮ ಗುರುಬಾಯಿಯ ಮನೆಯಲ್ಲಿ ಉಳಿದಿದ್ದೇನೆ. ಹೊರಡುವಾಗ ಡಬ್ಬಿಗಳನ್ನು ಅವ್ವನಿಗೆ ಒಪ್ಪಿಸಿ ಬಂದೆ. ಮುಂಜಾನೆಯ ಜೇವರ್ಗಿ ಬಸ್ಸು ಹಾರನ್ ಹೊಡೆದಾಗ ಇಡುವುದು, ಮರುದಿನ ಅದೇ ಹಾರನ್ನಿಗೆ ತೆಗೆಯುವುದು, ಬಿರಡೆ ಬಿಗಿಯುವುದು. ಮೂರು ಸಲ ಹೇಳಿಸಿದೆ. ನಾಲ್ಕನೆಯ ಸಲ ಕೇಳಿದಾಗ, “ನಿನ್ನ ಹಡೆದಾಗ ಇಷ್ಟು ಮಂದಿ ಹೇಳಿಕೊಟ್ಟಿದ್ದಿಲ್ಲ ಬೇ,” ಎಂದಳು.

ಇಲ್ಲಿ ಧಗೆ. ಪಶ್ಚಿಮಕ್ಕೆ ಮೋಡವಿದೆ, ಮಳೆಯಿಲ್ಲ.

ಮೇ ೨೬, ಮಟಕಿ

ಸಂದರ್ಶನ ಒಳ್ಳೆಯದಾಯಿತು. ಆಗಸ್ಟ್ ಹದಿನೈದರ ನಂತರ ತಾತ್ಕಾಲಿಕವಾಗಿ ತೆಗೆದುಕೊಳ್ಳುತ್ತಾರೆ, ಅಕ್ಟೋಬರಿನೊಳಗೆ ಡಾಕ್ಟರೇಟ್ ಪತ್ರ ತೋರಿಸಿದರೆ ಖಾಯಂ. ತೋರಿಸುತ್ತೇನೆ ಎಂದೆ. ಒಂದು ಉಸಿರೂ ತಡೆಯದೆ ಹೇಳಿಬಿಟ್ಟೆ.

ಮೇ ೨೮

ಅವ್ವನ ಜೊತೆ ಜಗಳವಾಯಿತು.

ಸೋಮವಾರ ಸಂಜೆ ನೆಲೋಗಿಯಲ್ಲಿ ಮಳೆ ಬಿದ್ದಿದೆ, ಮುಕ್ಕಾಲು ಗಂಟೆ. ಮಂಗಳವಾರ ಮುಂಜಾನೆ ಅವ್ವ ಶೀಶೆಗಳನ್ನು ಇಟ್ಟು, ಬುಧವಾರ ತೆಗೆದು, ಸಾಲಾಗಿ ಜೋಡಿಸಿದ್ದಳು. ಇವತ್ತು ಬಂದವಳೇ ಅಳೆದೆ. ಮೊದಲನೆಯದು ೧೧.೨. ನಂಬಲಿಲ್ಲ. ಎರಡನೆಯದು ೧೦.೮. ಇನ್ನೊಂದು ೧೧.೫. ನಾನು ಇಲ್ಲಿದ್ದ ಇಡೀ ತಿಂಗಳು ಹದಿನೆಂಟರ ಕೆಳಗೆ ಇಳಿಯದ್ದು, ನಾನು ಹೋದ ಕೂಡಲೇ ಹನ್ನೊಂದು!

“ಏನ್ ಮಾಡಿದಿ ಯವ್ವಾ? ಬಿರಡೆ ತಗದಿಟ್ಟಿದ್ದೇನು? ಎರಡು ದಿನ ಅಲ್ಲೇ ಬಿಟ್ಟಿದ್ದೇನು?”

“ಹಾರನ್ನಿಗಿ ಇಟ್ಟೆ, ಹಾರನ್ನಿಗಿ ತಗದೆ.”

“ಖರೆ ಹೇಳು. ಹೋಗಿದ್ದಿಯೋ ಇಲ್ಲೋ?”

ಅವ್ವ ಕೆಸರು ಒಣಗಿ ಬಿರಿದಿದ್ದ ತನ್ನ ಪಾದಗಳನ್ನು ನೋಡಿಕೊಂಡಳು. ಆಮೇಲೆ ಕೊಡ ತೆಗೆದುಕೊಂಡು ನೀರಿಗೆ ಹೋದಳು.

ಶೀಶೆಗಳನ್ನು ಎಣಿಸಿದೆ. ಐದೇ ಇವೆ.

ಮೇ ೨೯

ಕಾಣೆಯಾದ ಶೀಶೆ ಎಲ್ಲಿ ಎಂದು ಮುಂಜಾನೆ ಕೇಳಿದೆ. ಮೆಲ್ಲಗೆ ಕೇಳಿದೆ.

ಅವ್ವ ಒಲೆಯ ಕಡೆ ಮುಖ ಮಾಡಿಯೇ ಹೇಳಿದಳು. “ಹಳ್ಳದ ಕಡೀದು. ಮಜ್ಜಿಗಿ ಹಂಗ ಬೆಳ್ಳಗಾಗಿತ್ತು. ಎಂದೂ ಅಷ್ಟು ಆಗಿದ್ದಿಲ್ಲ. ನಾನೇ ಕೆಡಿಸಿದ್ನೇನೋ ಅನಿಸ್ತು. ನೀ ಬಯ್ತಿ ಅಂತ ಚೆಲ್ಲಿದೆ.”

ನನಗೆ ಹೆದರಿ.

ಅವಳು ಸುಳ್ಳು ಹೇಳುವವಳಾಗಿದ್ದರೆ ಐದನ್ನೂ ಚೆಲ್ಲುತ್ತಿದ್ದಳು. ಇಲ್ಲವೇ ಹಳೆಯ ತಿಳಿನೀರನ್ನೇ ತುಂಬಿಟ್ಟು ನನ್ನ ಮನಸ್ಸಿಗೆ ಬೇಕಾದ ಅಂಕಿ ಕೊಡುತ್ತಿದ್ದಳು. ಈ ಮಾತು ನಿನ್ನೆ ಯಾಕೆ ಹೊಳೆಯಲಿಲ್ಲ?

ಮೇ ೩೧

ಒಣಗಿದ ಮಣ್ಣಿಗೆ ಮೊದಲ ನೀರು ಬಿದ್ದಾಗ ಅದರೊಳಗಿನ ಸೂಕ್ಷ್ಮಜೀವಿಗಳು ಒಮ್ಮೆಲೇ ಎದ್ದು ಅನಿಲ ಬಿಡುತ್ತವೆ ಎಂದು ಮಾಸ್ಕೋದಲ್ಲಿ ಓದಿದ್ದೆ. ಪರೀಕ್ಷೆಯಲ್ಲಿ ಬರೆದೂ ಇದ್ದೆ. ಓದಿದ್ದು ನೆನಪಿತ್ತು. ಆದರೆ ಅವ್ವ ತಂದ ಶೀಶೆ ನೋಡಿದಾಗ ನೆನಪಾದದ್ದು ಬಿರಡೆ.

ಅದು ನಿಜವೋ ಎಂದು ನೋಡಲು ಒಣ ಮಣ್ಣು ಬೇಕು. ಹೊಲವೆಲ್ಲ ತೊಯ್ದಿದೆ. ಎರಡು ದಿನದಿಂದ ಇದನ್ನೇ ಯೋಚಿಸುತ್ತಿದ್ದೆ. ಅವ್ವನಿಗೆ ಹೇಳಿದೆ.

“ಬಣವಿ ಬುಡದಾಗ ಒಂದು ಹನೀನೂ ಹೋಗಿಲ್ಲ. ಅಲ್ಲಿ ಮಣ್ಣು ಒಣಗೇ ಅದ,” ಎಂದಳು. “ಮೊದಲ ಮಳಿಗಿ ನೆಲದಿಂದ ಝಳ ಬರ್ತದಲ್ಲ, ಕಸ ತಗೆಯೋ ಹೆಣಮಕ್ಕಳಿಗಿ ಎಲ್ಲರಿಗೂ ಗೊತ್ತದ. ನೀ ಅದನ್ನೇ ಹುಡುಕಾಕತ್ತೀ ಏನು?”

ಜೂನ್ ೨

ನಿನ್ನೆ ಬಣವೆಯ ಬುಡದಲ್ಲಿ ಎರಡು ಕಡೆ ಡಬ್ಬಿ ಇಟ್ಟೆವು. ಒಂದು ಕಡೆ ಎರಡು ಚೆಂಬು ನೀರು ಹಾಕಿ, ಇನ್ನೊಂದು ಕಡೆ ಹಾಕದೆ. ಇವತ್ತು ಬಸ್ಸಿನ ಹಾರನ್ನಿಗೆ ತೆಗೆದೆವು. ನೀರು ಹಾಕದ ಶೀಶೆ ಕನ್ನಡಿಯಂತೆ ತಿಳಿ. ನೀರು ಹಾಕಿದ್ದು ಮಜ್ಜಿಗೆ.

೧೮.೮. ೯.೭.

ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. “ಸರಿ ಬಂತೇನು?” ಎಂದಳು.

“ನಿಂದು ಸರಿ ಇತ್ತು ಯವ್ವಾ.”

“ಹಂಗಾದ್ರ ಆ ಚೆಲ್ಲಿದ್ದೂ ಬೇಕಾಗಿತ್ತಲ್ಲ,” ಎಂದಳು. ಕಣ್ಣಲ್ಲಿ ನೀರು ತಂದುಕೊಂಡದ್ದು ಅವಳು, ಬಯ್ದವಳು ನಾನು.

ಜೂನ್ ೯

ಮಿರಗ, ಮೃಗಶಿರದ ಮಳೆ, ಹಿಡಿದಿದೆ. ಹೊರಗೆ ಕಾಲಿಡಲಾಗದಷ್ಟು ಕೆಸರು. ನಾಲ್ಕು ದಿನದಿಂದ ಅಕ್ಟೋಬರಿನ ಹಾಳೆಗಳನ್ನು ಮುಂದಿಟ್ಟುಕೊಂಡು ಕೂತಿದ್ದೇನೆ.

ಇವು ನಿಜವೆಂದು ನಾನು ಸಾಧಿಸಲಾರೆ. ಎರೆಮಣ್ಣಿನ ಮಳೆಯೇ ಬೇರೆ, ಹಿಮದ ನೆಲವೇ ಬೇರೆ. ಆದರೆ ಇವು ಸುಳ್ಳು ಎನ್ನಲು ನನ್ನ ಹತ್ತಿರ ಏನಿತ್ತು? ವಿಕ್ಟರ್ ಪಾವ್ಲೊವಿಚ್ ಅವರ ಒಂದು ವಾಕ್ಯ. ‘ಸಾಧ್ಯವಿಲ್ಲ’ ಎಂದರು. ಅಕ್ಟೋಬರಿನಲ್ಲಿ ಅವರು ಒಂದು ದಿನವೂ ಅಲ್ಲಿ ಇರಲಿಲ್ಲ. ನಾನೂ ಇರಲಿಲ್ಲ. ಇದ್ದದ್ದು ನೀನಾ ಯೆಗೋರೊವ್ನಾ ಒಬ್ಬರೇ. ನೆಲದ ಮೇಲ್ಪದರ ಮೊದಲು ಹೆಪ್ಪುಗಟ್ಟುತ್ತದೆ, ಕೆಳಗೆ ವಾರಗಟ್ಟಲೆ ಮೆತ್ತಗೇ ಇರುತ್ತದೆ, ಕೊಳೆಯುತ್ತಲೇ ಇರುತ್ತದೆ. ಬಿಸಿಯಾದ ಬೇಸಿಗೆಯ ನಂತರ ಇನ್ನೂ ಆಳದ ತನಕ ಮೆತ್ತಗಿರುತ್ತದೆ. ಅಲ್ಲಿನ ಅನಿಲ ಎಲ್ಲಿಗೆ ಹೋಗಬೇಕು? ಈ ಪ್ರಶ್ನೆ ಮೂರು ವರ್ಷದಲ್ಲಿ ನಾನು ಒಮ್ಮೆಯೂ ಕೇಳಿಕೊಳ್ಳಲಿಲ್ಲ.

ಅಕ್ಟೋಬರ್ ತೆಗೆದರೆ ಡಾಕ್ಟರೇಟ್. ಆಳಂದದ ಕೆಲಸ. ಇಟ್ಟರೆ ಎರಡೂ ಇಲ್ಲ.

ಕಳೆದ ವಾರ ಜೇವರ್ಗಿಯಲ್ಲಿ ನಜಮುನ್ನಿಸಾಳಿಗೆ ಹೇಳಿದಾಗ, “ನೌಕರಿ ಬಿಡು ಅಂತ ನಾ ಹ್ಯಾಂಗ ಹೇಳ್ಲಿ ಬೇ,” ಎಂದಳು. ಬಸ್ಸು ಹತ್ತಿಸುವಾಗ, “ತೆಗೀ ಅಂತಾನೂ ಹೇಳಂಗಿಲ್ಲ,” ಎಂದಳು.

ಜೂನ್ ೧೨

ಜ್ವರ. ಹೊಲಕ್ಕೆ ಅವ್ವನೇ ಹೋಗಿ ಬಂದಳು.

ಜೂನ್ ೧೯, ಜೇವರ್ಗಿ

ರಿಜಿಸ್ಟರ್ ಮಾಡಿ ಕಳಿಸಿದೆ. ಅಕ್ಟೋಬರ್ ಸೇರಿಸಿ. ಕೆಳಗೆ ಒಂದು ಟಿಪ್ಪಣಿ: ‘ಸೆಪ್ಟೆಂಬರ್ ಹದಿನಾರರ ನಂತರದ ಎಲ್ಲ ಅಳತೆಗಳನ್ನು ತೆಗೆದವರು ನೀನಾ ಯೆಗೋರೊವ್ನಾ. ಅವನ್ನು ಕೈಬಿಡಲು ನನಗೆ ಕಾರಣ ಸಿಕ್ಕಿಲ್ಲ. ೧೯೯೧ರಲ್ಲಿ ಈ ನೆಲ ಹೀರಿದ್ದಕ್ಕಿಂತ ಹೆಚ್ಚು ಇಂಗಾಲ ಬಿಟ್ಟಿದೆ.’

ಗುಮಾಸ್ತ ಠಸ್ಸೆ ಒತ್ತಿದ ಕೂಡಲೇ ವಾಪಸ್ ಕೊಡ್ರಿ ಎನ್ನಲು ಬಾಯಿ ತೆರೆದೆ. ಹಿಂದೆ ಸಾಲಿನಲ್ಲಿದ್ದವರು ನನ್ನನ್ನು ಪಕ್ಕಕ್ಕೆ ಸರಿಸಿದರು.

ಜುಲೈ ೨೪

ಮಾಸ್ಕೋದಿಂದ ತಂತಿ. ಅಂಚೆಯಣ್ಣ ಓಡಿ ಬಂದ. ಯಾರೋ ಸತ್ತಿರಬೇಕೆಂದು ಓಣಿಯವರೆಲ್ಲ ಬಾಗಿಲಲ್ಲಿ ಕೂಡಿದರು.

‘ಒಪ್ಪಲಾಗದು. ಅಕ್ಟೋಬರ್ ತೆಗೆಯುತ್ತೇನೆ. ಒಪ್ಪಿಗೆ ಎಂದು ಜುಲೈ ಮೂವತ್ತೊಂದರೊಳಗೆ ತಂತಿ ಕೊಡು. ಕೊನೆಯ ಅವಕಾಶ. ವಿಕ್ಟರ್.’

ಒಂದೇ ಶಬ್ದದ ತಂತಿ ಸಾಕು. ನಾನೇನೂ ತೆಗೆಯಬೇಕಾಗಿಲ್ಲ, ಅವರೇ ತೆಗೆಯುತ್ತಾರೆ.

“ಯಾರಿಗೇನಾಗ್ಯಾದ?” ಎಂದಳು ಅವ್ವ.

“ಯಾರಿಗೂ ಏನಿಲ್ಲ. ಹೂಂ ಅಂದ್ರ ಡಿಗ್ರಿ ಕೊಡ್ತೇನಿ ಅಂದಾನ.”

“ಯಾತಕ್ಕ ಹೂಂ ಅನ್ಬೇಕು?”

“ಆ ಮುದುಕಿ ಸುಳ್ಳ ಬರೆದಾಳ ಅನ್ನೋದಕ್ಕ.”

ಅವ್ವ ಬಾಗಿಲಲ್ಲಿ ನಿಂತವರನ್ನು ಕಳಿಸಿ ಬಂದು ನನ್ನ ಎದುರಿಗೆ ಕೂತಳು. ಹೂಂ ಅನ್ನು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ತಲೆಗೆ ಎಣ್ಣೆ ಹಚ್ಚಿದಳು. ನಾನು ಅತ್ತೆ.

ಜುಲೈ ೩೧

ಜೇವರ್ಗಿಯ ತಾರು ಆಫೀಸಿನ ತನಕ ಹೋದೆ. ಫಾರಂ ತೆಗೆದುಕೊಂಡೆ. ವಿಳಾಸ ಬರೆದೆ. ಒಂದೇ ಶಬ್ದ ಬರೆಯಬೇಕಾದ ಜಾಗದಲ್ಲಿ ಪೆನ್ನು ಇಟ್ಟುಕೊಂಡು ಕಿಟಕಿ ಮುಚ್ಚುವ ತನಕ ನಿಂತೆ.

ಕಿಟಕಿ ಮುಚ್ಚಿದರು.

ಆಗಸ್ಟ್ ೮

ಆಳಂದಕ್ಕೆ ಪತ್ರ ಬರೆದು ನಿಜ ಹೇಳಿದೆ. ಆ ಜಾಗಕ್ಕೆ ಬೇರೆಯವರು ಬರುತ್ತಾರಂತೆ. ನಜಮುನ್ನಿಸಾಳ ಕಾಲೇಜಿನಲ್ಲಿ ವಾರಕ್ಕೆ ನಾಲ್ಕು ದಿನ ಪ್ರಾಯೋಗಿಕ ತರಗತಿ ನಡೆಸಲು ಕರೆದಿದ್ದಾರೆ. ಮುಂಜಾನೆ ಹೋದರೆ ಸಂಜೆ ಬರುತ್ತೇನೆ. ಓಣಿಯಲ್ಲಿ ಈಗಲೂ ಡಾಕ್ಟರ್ ಬಾಯಿ ಎಂದೇ ಕರೆಯುತ್ತಾರೆ. ನಾನು ಡಾಕ್ಟರ್ ಅಲ್ಲ ಎಂದು ಪಕ್ಕದ ಮನೆಯ ಹೀರಾಬಾಯಿಗೆ ಹೇಳಿದೆ. “ಇರ್ಲಿ ತಗೋ, ನಮಗ್ಯಾಕ ಬೇಕು ಆ ಸುದ್ದಿ,” ಎಂದಳು.

ನಾನಿಲ್ಲದ ದಿನ ಶೀಶೆಗಳನ್ನು ಬಹಳ ಹೊತ್ತು ಇಡುವಂತಿಲ್ಲ. ಅವ್ವ ಆಮ್ಲ ಬಿಡುವುದನ್ನು ಕಲಿತಿದ್ದಾಳೆ. ಸೂಚಕದ ಗುಲಾಬಿ ಬಣ್ಣ ಹೋಗುವ ಹನಿಯಲ್ಲಿ ಅವಳ ಕೈ ನನಗಿಂತ ಸ್ಥಿರ. ಅಂಕಿ ಬರುವುದಿಲ್ಲ, ಬ್ಯೂರೆಟ್ಟಿನ ಗೆರೆ ಎಣಿಸುತ್ತಾಳೆ.

ಆಗಸ್ಟ್ ೨೩

ಬನ್ನಿಗಿಡ ೧೪.೧. ಬದು ೧೩.೮. ಕರಿಕಲ್ಲು ೧೪.೬. ಹಾದಿ ೧೫.೦. ಬಣವೆ ೧೩.೨. ಹಳ್ಳದ ಕಡೆಯದರಲ್ಲಿ ನೀರು ನಿಂತು ಇಡಲಾಗಲಿಲ್ಲ.

ದೌಲತರಾಯರು ಬದುವಿನ ಮೇಲೆ ಕೂತು ಕೇಳಿದರು. “ನನ್ನ ಹೊಲ ಜೋರಾಗಿ ಉಸಿರಾಡ್ತದೋ, ಮಗ್ಗಲ ಹೊಲದವಂದೋ?” ಮಗ್ಗಲ ಹೊಲ ನೋಡಿಲ್ಲ ಎಂದೆವು. “ನೋಡ್ರಿ ಮತ್ತ,” ಎಂದರು.

ಸೆಪ್ಟೆಂಬರ್ ೧೪

ನೀನಾ ಯೆಗೋರೊವ್ನಾ ಅವರ ಪತ್ರ ಬಂದಿದೆ. ಪೆನ್ಸಿಲ್ಲಿನಲ್ಲಿ ಬರೆದಿದ್ದಾರೆ.

‘ದ್ರೌಪದಿ, ನಿನ್ನ ಕಾಗದ ಜುಲೈಯಲ್ಲಿ ಸಿಕ್ಕಿತು. ಎರಡು ದಿನ ಸಿಟ್ಟಿನಲ್ಲಿದ್ದೆ. ಆಮೇಲೆ ಮೀನಿನ ಕಾಲ ಬಂತು. ಈಗ ಬರೆಯುತ್ತಿದ್ದೇನೆ. ಕೇಂದ್ರ ಮುಚ್ಚಿದರು, ಒಲೆಯನ್ನೂ ಕಿತ್ತುಕೊಂಡು ಹೋದರು.

ಅಕ್ಟೋಬರ್ ಒಂಬತ್ತರಂದು ನಾನು ಹೊರಗೆ ಹೋಗಿದ್ದೆ. ಮೇಲೆ ಒಂದು ಗೇಣು ಗಟ್ಟಿಯಾಗಿತ್ತು, ಕೆಳಗೆ ಕೋಲು ಚುಚ್ಚಿದರೆ ಇನ್ನೂ ಒಳಗೆ ಹೋಗುತ್ತಿತ್ತು. ಮೊದಲ ಶೀಶೆ ನೋಡಿ ನನಗೇ ನಂಬಿಕೆ ಬರಲಿಲ್ಲ. ಅದಕ್ಕೇ ಮರುದಿನ ಹೋದೆ. ಅದರ ಮರುದಿನವೂ, ಮತ್ತೂ ಒಂದು ದಿನ ಹೋದೆ. ನಾಲ್ಕು ಸಲ ಅಳೆದೆ. ನಾಲ್ಕರಲ್ಲಿ ಎಲ್ಲಕ್ಕಿಂತ ಕಡಿಮೆ ಬಂದದ್ದನ್ನು ಆರಿಸಿ ನಿಮಗೆ ಕಳಿಸಿದೆ. ಹೆಚ್ಚಿನದನ್ನು ಕಳಿಸಿದರೆ ಮುದುಕಿ ಕುಡಿದಿದ್ದಳು ಎನ್ನುತ್ತೀರೆಂದು ಗೊತ್ತಿತ್ತು. ಉಳಿದ ಮೂರನ್ನೂ ಈಗ ಈ ಹಾಳೆಯಲ್ಲಿ ಬರೆದಿದ್ದೇನೆ. ನಿನ್ನ ಬೆರಳು ಈಗ ಹೇಗಿವೆ?’

ಮೂರು ಅಂಕಿಗಳು. ಹಾಕಿ ನೋಡಿದೆ. ಇಪ್ಪತ್ತಾರು ಅಲ್ಲ. ನಾಲ್ಕರ ಸರಾಸರಿ ಹಿಡಿದರೆ ಮೂವತ್ತೊಂಬತ್ತು ಗ್ರಾಂ.

ಇದು ಮಾಸ್ಕೋದ ಸಭೆ ನಡೆಯುವ ವಾರ. ಅದು ನೆನಪಾದದ್ದು ಈಗ ತಾರೀಕು ಬರೆದ ಮೇಲೆ.

ಪತ್ರವನ್ನು ಕನ್ನಡ ಮಾಡಿ ಅವ್ವನಿಗೆ ಓದಿ ಹೇಳಿದೆ. ಮುಗಿದ ಮೇಲೆ ಅವ್ವ ಕೇಳಿದಳು.

“ಅಷ್ಟು ಚಳಿಯಾಗ ಎಷ್ಟ ದೂರ ನಡೀತಿದ್ಳು?”

“ಹೋಗಿ ಬರೋದು ಎರಡು ತಾಸು.”

“ಒಬ್ಬಾಕೀನೇ?”

“ಒಬ್ಬಾಕೀನೇ.”

“ಆಕೀ ಹೆಸರು ಎಲ್ಲಿ ಬರೆದಿ?”

ಕೆಳಗೆ, ಟಿಪ್ಪಣಿಯಲ್ಲಿ ಎಂದೆ.

“ಕೆಳಗ ಯಾಕ ಬರೆದಿ?” ಎಂದಳು ಅವ್ವ.

ಸೆಪ್ಟೆಂಬರ್ ೨೭

ಪ್ರಬಂಧವನ್ನು ಬಿಟ್ಟು, ಅಕ್ಟೋಬರಿನ ಮೇಲೆಯೇ ಹನ್ನೆರಡು ಪುಟದ ಲೇಖನ ಬರೆದು ಮುಗಿಸಿದೆವು. ಇಂಗ್ಲಿಷಿನಲ್ಲಿ ಟೈಪು ಮಾಡಿದ್ದು ನಜಮುನ್ನಿಸಾ, ಕಾಲೇಜಿನ ಟೈಪ್‌ರೈಟರಿನಲ್ಲಿ ಎರಡು ಭಾನುವಾರ ಕೂತು. ಮೊದಲ ಹೆಸರು ನೀನಾ ಯೆಗೋರೊವ್ನಾ ಅವರದು, ಎರಡನೆಯದು ನನ್ನದು. ನಾಲ್ಕೂ ಅಂಕಿಗಳನ್ನು ಹಾಕಿದ್ದೇವೆ, ಎಲ್ಲಕ್ಕಿಂತ ದೊಡ್ಡದನ್ನೂ. ನಾಳೆ ಹೊರದೇಶದ ಪತ್ರಿಕೆಯೊಂದಕ್ಕೆ ಹೋಗುತ್ತದೆ. ತಿರಸ್ಕರಿಸಿದರೆ ಇನ್ನೊಂದಕ್ಕೆ. ಒಂದು ಪ್ರತಿಯನ್ನು ನೀನಾ ಅವರಿಗೂ ಕಳಿಸುತ್ತಿದ್ದೇನೆ. ಬೆರಳು ಚೆನ್ನಾಗಿವೆ ಎಂದು ಮೊದಲ ಸಾಲಿನಲ್ಲೇ ಬರೆದೆ, ಕ್ಷಮೆ ಕೇಳಿದ್ದು ಎರಡನೆಯ ಸಾಲಿನಲ್ಲಿ.

ಸಂಜೆ ಬಸ್ಸಿಳಿದು ಬರುವಷ್ಟರಲ್ಲಿ ಅವ್ವ ಇವತ್ತಿನ ಶೀಶೆಗಳನ್ನು ಅಳೆದು, ತೊಳೆದು, ಬೋರಲು ಹಾಕಿದ್ದಳು. ಮೊನ್ನೆಯ ದೊಡ್ಡ ಮಳೆಯ ನಂತರದ ಅಳತೆ. ನಾನು ವಹಿ ತೆಗೆದು ಕೂತೆ.

“ಹಳ್ಳದ ಕಡೀದು,” ಎಂದಳು ಅವ್ವ, “ಎಂಟು ದೊಡ್ಡ ಗೆರಿ, ಮೂರು ಸಣ್ಣ ಗೆರಿ.”

ಇದುವರೆಗೆ ಈ ಹೊಲದಲ್ಲಿ ಇಷ್ಟು ಕೆಳಗೆ ಬಂದದ್ದಿಲ್ಲ. ೮.೩ ಎಂದು ಬರೆದುಕೊಂಡು, ಮುಂದಿನದನ್ನು ಹೇಳು ಎಂದೆ.